ನಮ್ಮ ವಂಶದಲ್ಲಿ ಯಾರೂ ಇರಲಿಲ್ಲ, ಪುಟ್ಟಿ

ಪುಟ್ಟಿ,

ನಿನ್ನೆ ರಾತ್ರಿ ಫೋನಲ್ಲಿ ನೀನು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. "ಅಪ್ಪ, ನಮ್ಮ ವಂಶದಲ್ಲಿ ಓದಿದವರು ಯಾರಾದ್ರೂ ಇದ್ರಾ?" ಇರಲಿಲ್ಲ. ನಿಮ್ಮ ತಾತ ಹೆಬ್ಬೆಟ್ಟು ಒತ್ತುತ್ತಿದ್ದರು. ಅವರಪ್ಪನ ಹೆಸರು ಗೊತ್ತು, ಅದರಾಚೆ ಗೊತ್ತಿಲ್ಲ. ಕೋಟಾದವಳು, ಬೇರೆಯವರ ಸೀಟು ಕಿತ್ಕೊಂಡವಳು ಅಂತ ನಿನ್ನ ಮೆಡಿಕಲ್ ಕಾಲೇಜಿನ ಹಾಸ್ಟೆಲಲ್ಲಿ ಅಂದರಂತೆ. ನಿಮ್ಮಮ್ಮ ಆಮೇಲೆ ಹೇಳಿದಳು.

ನಿನಗೂ ನೆನಪಿರುತ್ತದೆ, ಆದರೂ ಬರೆಯುತ್ತೇನೆ. ಶ್ರೀರಾಮಪುರದ ಅಂಗಡಿಯಲ್ಲಿ ನಾನು ಕಾಜಾ ಹಾಕುತ್ತಿದ್ದೆ. ನೀನು ಕಟಿಂಗ್ ಟೇಬಲ್ ಹತ್ತಿ ಕೂತಿದ್ದೆ. ಅವೆನ್ಯೂ ರಸ್ತೆಯಲ್ಲಿ ಕೊಂಡ ಹ್ಯಾರಿ ಪಾಟರ್ ಮಡಿಲಲ್ಲಿ. ಅದರಲ್ಲಿ ಮಂತ್ರ ಕಲಿಯುವ ಹುಡುಗಿ ಹರ್ಮಯೊನಿ, ಅವಳ ಅಪ್ಪ ಅಮ್ಮ ಮಂತ್ರ ಬಾರದ ಹಲ್ಲಿನ ಡಾಕ್ಟರು, ಅವಳಿಗೆ ಮಂತ್ರ ಎಲ್ಲಿಂದ ಬಂತು ಅಂತ ನನಗೆ ಪಾಠ ಶುರುಮಾಡಿದೆ. ನನ್ನ ಚಾಕಿನಲ್ಲಿ ನೀನು ಖಾಕಿ ಕಾಗದದ ಮೇಲೆ ನಾಲ್ಕು ಚೌಕ ಬರೆದೆ. ಜೀನು ಅಂದರೆ ಹೆತ್ತವರಿಂದ ಮಕ್ಕಳಿಗೆ ಗುಣ ದಾಟಿಸುವಂಥದ್ದು ಅಂದೆ. ಅಪ್ಪನಲ್ಲಿ ಅಡಗಿದ ಜೀನು ಒಂದು, ಅಮ್ಮನಲ್ಲಿ ಒಂದು, ಎರಡೂ ಕೂಡಿದರೆ ಮಗಳಿಗೆ ಮಂತ್ರ. 2005ರಲ್ಲಿ 'ನೇಚರ್' ಅನ್ನೋ ವಿಜ್ಞಾನ ಪತ್ರಿಕೆಗೇ ಕೆಲವರು ಹಾಗೆ ಬರೆದರು, ಅಷ್ಟು ಸುಲಭ ಅಲ್ಲ ಅಂತ ಇನ್ನು ಕೆಲವರು ಉತ್ತರ ಕೊಟ್ಟರು ಅಂದೆ. ಪುಸ್ತಕ ಬರೆದ ರೌಲಿಂಗ್ ಹೇಳಿದ್ದು ಇನ್ನೊಂದು. ಅಂಥ ಮಕ್ಕಳ ವಂಶದಲ್ಲಿ ಎಷ್ಟೋ ತಲೆಮಾರು ಹಿಂದೆ ಮಂತ್ರ ಬಲ್ಲವರು ಇದ್ದೇ ಇರುತ್ತಾರಂತೆ. ನಿನಗೆ ಅದೇ ಇಷ್ಟ. ಎಲ್ಲೋ ಒಬ್ಬಳು ಮರೆತುಹೋದ ಅಜ್ಜಿ.

ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ. ಆ ಅಜ್ಜಿ ಯಾಕೆ ಬೇಕು? ನಮ್ಮ ಕರ್ಣನ ಕಥೆಯೂ ಅಷ್ಟೇ. ಸೂತನ ಮಗ ಅನ್ನುತ್ತಲೇ ಕೊನೆಗೆ ಸೂರ್ಯನನ್ನು ತಂದು ನಿಲ್ಲಿಸಿದರು. ಏಕಲವ್ಯನಿಗೆ ಯಾವ ದೇವರೂ ಅಪ್ಪನಲ್ಲ. ಮಣ್ಣಿನ ಗುರು ಮಾಡಿಕೊಂಡ, ದಿನವೂ ಬಾಣ ಬಿಟ್ಟ, ಕಲಿತ. ಆಮೇಲೆ ಬೆರಳು ಕೇಳಿದರು, ಕೊಟ್ಟುಬಿಟ್ಟ. ರಾತ್ರಿಯೆಲ್ಲ ನನಗೆ ಅದೇ ಭಯ, ಪುಟ್ಟಿ. ಕೇಳಿದ ತಕ್ಷಣ ಕೊಟ್ಟುಬಿಟ್ಟ. ನೀನು "ಓದು ಬಿಟ್ಟು ಬರ್ತೀನಿ" ಅಂದೆಯಲ್ಲ.

ಹ್ಯಾರಿ ಪಾಟರ್ ಕೊನೆಯ ಪುಸ್ತಕದ ಆ ವಿಚಾರಣೆ ಓದಿ ನೀನು ಅತ್ತಿದ್ದೆ. ಮಂತ್ರ ರಕ್ತದಲ್ಲಿ ಮಾತ್ರ ಬರುತ್ತದೆ ಅಂತ ಅಲ್ಲಿನ ಮಂತ್ರ ಬಲ್ಲವರ ಸರ್ಕಾರವೇ ತೀರ್ಮಾನ ಮಾಡುತ್ತದೆ. ಹಾಗಾದರೆ ರಕ್ತದಲ್ಲಿ ಇಲ್ಲದವರು ಕದ್ದಿರಬೇಕು, ಅಲ್ವಾ? ಈ ಮಂತ್ರದಂಡ ಯಾರಿಂದ ತೆಗೆದುಕೊಂಡೆ ಅಂತ ಒಬ್ಬ ಹೆಂಗಸನ್ನು ಕೇಳುತ್ತಾರೆ. ಹನ್ನೊಂದು ವರ್ಷದವಳಿದ್ದಾಗ ಕೊಂಡದ್ದು, ಅದೇ ನನ್ನನ್ನು ಆರಿಸಿತು ಅನ್ನುತ್ತಾಳೆ ಆಕೆ. ನೀನೂ ಹಾಗೇ ಹೇಳು. ಪರೀಕ್ಷೆ ಬರೆದವಳು ನೀನು. ಸೀಟು ಕಾನೂನು ಪ್ರಕಾರ ಸಿಕ್ಕಿದ್ದು. ಅಜ್ಜಿಯನ್ನು ಹುಡುಕಬೇಡ. ಹುಡುಕಲು ಹೊರಟರೆ ಅವರ ಲೆಕ್ಕ ಸರಿ ಅಂತ ನೀನೇ ಒಪ್ಪಿದ ಹಾಗೆ.

ಜಾಸ್ತಿ ಹೇಳಿದೆನೇನೋ, ಬೇಜಾರು ಮಾಡ್ಕೋಬೇಡ. ಊಟ ಬಿಡಬೇಡ. ರಾತ್ರಿ ಒಬ್ಬಳೇ ಅಳುತ್ತಾ ಕೂರಬೇಡ, ಎಷ್ಟು ಹೊತ್ತಾದರೂ ಫೋನ್ ಮಾಡು. ನಮ್ಮ ಬೀದಿಯಲ್ಲಿ ಈಗ ನನ್ನನ್ನು ಡಾಕ್ಟರಮ್ಮನ ಅಪ್ಪ ಅಂತಾರೆ. ಅದಕ್ಕೋಸ್ಕರ ನೀನು ಅಲ್ಲಿ ಇರಬೇಕಿಲ್ಲ, ಆದರೆ ನನಗೆ ಅದು ಎಷ್ಟು ಖುಷಿ ಅಂತ ನಿನಗೆ ಗೊತ್ತಿರಲಿ.

ಭಾನುವಾರ ಅಂಗಡಿ ರಜಾ. ಮೊದಲ ಬಸ್ಸಿಗೆ ಬರುತ್ತೇನೆ. ಬಿಳಿ ಕೋಟಿನ ತೋಳು ಉದ್ದ ಆಯ್ತು ಅಂದಿದ್ದೆ, ತೆಗೆದಿಟ್ಟಿರು. ಅಲ್ಲೇ ಹೊಲಿದುಕೊಡುತ್ತೇನೆ.

ನಿನ್ನ ಅಪ್ಪ