ಮಲಗಿರುವ ಕಂಪನಿಯನ್ನು ಎಬ್ಬಿಸುವ ಮುನ್ನ

ಚಿ. ಪ್ರಶಾಂತನಿಗೆ ಸೋದರಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

2019ರಲ್ಲಿ ನೀನೂ ರೂಪಾಳೂ ಸೇರಿ ನೋಂದಾಯಿಸಿದ್ದ ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನು ಮತ್ತೆ ನಡೆಸಬೇಕೆಂದಿದ್ದೀಯ ಎಂದು ಅಕ್ಕ ಹೇಳಿದಳು. ಸಂತೋಷ. ಆದರೆ "ಮೂರು ವರ್ಷದಿಂದ ಡಾರ್ಮೆಂಟ್ ಆಗಿದೆ" ಅಂದೆಯಂತೆ, ಮಲಗಿದೆ ಎನ್ನುವ ಆ ಮಾತನ್ನೇ ಮೊದಲು ಸರಿಮಾಡಿಕೋ. ವ್ಯಾಪಾರ ನಿಂತ ಮಾತ್ರಕ್ಕೆ ಕಂಪನಿ ಕಾನೂನಿನ ಲೆಕ್ಕದಲ್ಲಿ ಡಾರ್ಮೆಂಟ್ ಆಗುವುದಿಲ್ಲ. 2013ರ ಕಂಪನಿ ಕಾಯ್ದೆಯ 455ನೇ ಸೆಕ್ಷನ್ ಪ್ರಕಾರ ನೀನೇ ಎಂಎಸ್‌ಸಿ-1 ಅರ್ಜಿ ಹಾಕಿ ಆ ಸ್ಥಾನ ಪಡೆದಿರಬೇಕು, ಇಲ್ಲವೇ ಕಂಪನಿಗಳನ್ನು ನೋಂದಾಯಿಸುವ ಅಧಿಕಾರಿಯಾದ ರಿಜಿಸ್ಟ್ರಾರರು ನೋಟಿಸ್ ಕೊಟ್ಟು ಆ ಪಟ್ಟಿಗೆ ಸೇರಿಸಿರಬೇಕು. ಹಾಗೆ ಆಗಿದ್ದರೆ ದಾರಿ ಸುಲಭ: ಎಂಎಸ್‌ಸಿ-4 ಹಾಕಿ, ಆ ವರ್ಷದ ರಿಟರ್ನ್ ಆದ ಎಂಎಸ್‌ಸಿ-3 ಜೊತೆಗಿಟ್ಟು, ಸಕ್ರಿಯ ಸ್ಥಾನಕ್ಕೆ ಮರಳುವುದು. ಎರಡೂ ಆಗಿಲ್ಲದಿದ್ದರೆ ನಿನ್ನದು ಡಾರ್ಮೆಂಟ್ ಕಂಪನಿಯಲ್ಲ, ಬಾಕಿ ಬಿದ್ದ ಕಂಪನಿ. ಬಾಕಿಗೆ ದಿನದ ಲೆಕ್ಕದಲ್ಲಿ ಹಣ ಏರುತ್ತಿದೆ.

ಇವತ್ತೇ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಮಾಸ್ಟರ್ ಡೇಟಾ, ಅಂದರೆ ಕಂಪನಿಯ ಸ್ಥಿತಿ ತೋರಿಸುವ ಪುಟ, ತೆಗೆದು ನೋಡು. 'ಆಕ್ಟಿವ್' ಎಂದಿದ್ದರೆ ಬಾಕಿ ತುಂಬಿದರೆ ಸಾಕು. 'ಅಂಡರ್ ಪ್ರೋಸೆಸ್ ಆಫ್ ಸ್ಟ್ರೈಕಿಂಗ್ ಆಫ್' ಎಂದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುವ ಕೆಲಸ ನಡೆದಿದೆ, ಒಂದು ದಿನವೂ ತಡಮಾಡಬೇಡ. ಎರಡು ವರ್ಷ ವ್ಯಾಪಾರವಿಲ್ಲದ ಕಂಪನಿಗೆ ರಿಜಿಸ್ಟ್ರಾರರು 248ನೇ ಸೆಕ್ಷನ್ ಪ್ರಕಾರ ಎಸ್‌ಟಿಕೆ-1 ನೋಟಿಸ್ ಕಳಿಸುತ್ತಾರೆ, ಉತ್ತರಕ್ಕೆ 30 ದಿನ. ಅದು ನೋಂದಾಯಿತ ಕಚೇರಿಯ ವಿಳಾಸಕ್ಕೂ ನಿರ್ದೇಶಕರಿಗೂ ಹೋಗುತ್ತದೆ. ಆ ಬಾಡಿಗೆ ಮಳಿಗೆ ಬಿಟ್ಟವನು ಕಚೇರಿ ವಿಳಾಸ ಬದಲಾಯಿಸುವ ಐಎನ್‌ಸಿ-22 ಹಾಕಿದ್ದೀಯಾ? ಹಾಕದಿದ್ದರೆ ಕಚೇರಿಗೆ ನೋಟಿಸ್ ಬಂದು ವಾಪಸಾದದ್ದೂ ನಿನಗೆ ಗೊತ್ತಾಗದೇ ಇರಬಹುದು. 'ಸ್ಟ್ರೈಕ್ ಆಫ್' ಎಂದೇ ಬಂದಿದ್ದರೆ ಕೋರಮಂಗಲದ ರಿಜಿಸ್ಟ್ರಾರ್ ಕಚೇರಿಗೆ ಅಲೆದು ಪ್ರಯೋಜನವಿಲ್ಲ. 252ನೇ ಸೆಕ್ಷನ್ ಪ್ರಕಾರ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಬೆಂಗಳೂರು ಪೀಠಕ್ಕೇ ಹೋಗಬೇಕು. ರಿಜಿಸ್ಟ್ರಾರರ ಆದೇಶದ ವಿರುದ್ಧ ಮೇಲ್ಮನವಿಗೆ ಮೂರು ವರ್ಷ. ಕಂಪನಿ, ಷೇರುದಾರ ಅಥವಾ ಸಾಲ ಕೊಟ್ಟವನು ಹಾಕುವ ಅರ್ಜಿಗೆ ಗೆಜೆಟ್ ಪ್ರಕಟಣೆಯಿಂದ 20 ವರ್ಷ. ಹೆಸರು ತೆಗೆದಾಗ ಕಂಪನಿ ನಡೆಯುತ್ತಿತ್ತು ಎಂದೋ, ಮರಳಿಸುವುದು ನ್ಯಾಯವೆಂದೋ ಪೀಠಕ್ಕೆ ಮನವರಿಕೆಯಾಗಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ತಿ ಪತ್ರ, ತೆರಿಗೆ ರಿಟರ್ನ್ ಇವೇ ಅಲ್ಲಿ ಮಾತಾಡುವುದು. ಆದೇಶ ಸಿಕ್ಕ ಮೇಲೆ 30 ದಿನದೊಳಗೆ ಅದರ ಪ್ರತಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸುವ ಐಎನ್‌ಸಿ-28 ಹಾಕಬೇಕು.

ಹೆಸರು ಉಳಿದಿದೆ ಎಂದುಕೊಂಡೇ ಮುಂದಿನದು ಬರೆಯುತ್ತೇನೆ. ಪ್ರತಿ ವರ್ಷಕ್ಕೂ ಎರಡು ಫಾರಂ: ಲೆಕ್ಕಪತ್ರಕ್ಕೆ ಎಒಸಿ-4, ವಾರ್ಷಿಕ ರಿಟರ್ನ್‌ಗೆ ನಿಮ್ಮಂಥ ಸಣ್ಣ ಕಂಪನಿಗಳ ಎಂಜಿಟಿ-7ಎ. ವಾರ್ಷಿಕ ಸಭೆಯಿಂದ ಮೊದಲನೆಯದಕ್ಕೆ 30 ದಿನ, ಎರಡನೆಯದಕ್ಕೆ 60 ದಿನ. ದಾಟಿದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ, ಇದಕ್ಕೆ ಮೇಲ್ಮಿತಿಯೇ ಇಲ್ಲ. ಒಂದು ವರ್ಷದ್ದು ಮೂರು ವರ್ಷ, ಇನ್ನೊಂದರದ್ದು ಎರಡು, ಕೊನೆಯದ್ದು ಒಂದು ವರ್ಷ ತಡವಾಗಿದೆ ಅನ್ನು: ಫಾರಂ ಒಂದಕ್ಕೆ 1,09,500, 73,000, 36,500, ಎರಡೂ ಫಾರಂ ಸೇರಿ ಒಟ್ಟು 4,38,000. ಮಾಮೂಲಿ ಫೈಲಿಂಗ್ ಶುಲ್ಕ ಇದರ ಮುಂದೆ ಏನೂ ಅಲ್ಲ. 1 ಲಕ್ಷದಿಂದ 5 ಲಕ್ಷದೊಳಗಿನ ಬಂಡವಾಳಕ್ಕೆ ಫಾರಂಗೆ 300. 2018ರಲ್ಲಿ ಸಿಒಡಿಎಸ್, 2020ರಲ್ಲಿ ಸಿಎಫ್‌ಎಸ್‌ಎಸ್ ಎಂಬ ರಿಯಾಯಿತಿ ಯೋಜನೆಗಳು ಬಂದಿದ್ದವು. ಈಗ ಅಂಥದ್ದು ಜಾರಿಯಲ್ಲಿದೆಯೇ ಎಂದು ಸಚಿವಾಲಯದ ಸುತ್ತೋಲೆಗಳಲ್ಲಿ ನೋಡು. ಇದ್ದರೆ ಬಳಸಿಕೋ. ಮುಂದೆಂದಾದರೂ ಬರಬಹುದೆಂದು ಕಾಯುತ್ತಾ ಕೂತರೆ ವರ್ಷವೊಂದರ ಬಾಕಿಗೆ ದಿನಕ್ಕೆ 200ರಂತೆ ಏರುತ್ತಲೇ ಇರುತ್ತದೆ.

ಇನ್ನು ಕ್ರಮ. ಎಲ್ಲರೂ ಎಡವುವುದು ಇಲ್ಲೇ, ಫಾರಂ ತುಂಬಲು ಓಡುತ್ತಾರೆ. ಸಹಿ ಹಾಕುವ ಕೈ ಮೊದಲು ಸರಿಯಿರಬೇಕು. ನಿಮ್ಮಿಬ್ಬರ ಡಿಜಿಟಲ್ ಸಹಿಯ (ಡಿಎಸ್‌ಸಿ) ಅವಧಿ ಮುಗಿದಿರುತ್ತದೆ, ಹೊಸ ಕ್ಲಾಸ್-3 ಮಾಡಿಸಿ ಪೋರ್ಟಲ್‌ನಲ್ಲಿ ಜೋಡಿಸಿ. ನಿರ್ದೇಶಕರ ಗುರುತಿನ ಸಂಖ್ಯೆ (ಡಿಐಎನ್) ನಿಷ್ಕ್ರಿಯವಾಗಿದ್ದರೆ ಡಿಐಆರ್-3 ಕೆವೈಸಿ ಹಾಕಿ, ತಡವಾದುದಕ್ಕೆ ತಲಾ 5,000 ಕಟ್ಟಬೇಕು. ಆಮೇಲೆ ಐಎನ್‌ಸಿ-20ಎ ಸಲ್ಲಿಕೆಯಾಗಿದೆಯೇ ನೋಡು. 2018ರ ನವೆಂಬರ್ 2ರ ನಂತರ ಹುಟ್ಟಿದ ಕಂಪನಿಗಳು ಷೇರು ಹಣ ಬಂದಿದೆಯೆಂದು 180 ದಿನದೊಳಗೆ ಹೇಳಬೇಕಿತ್ತು. ಷೇರು ಹಣವನ್ನು ನೀವಿಬ್ಬರೂ ಕಂಪನಿ ಖಾತೆಗೆ ಹಾಕಿರದೇ ಇದ್ದರೆ ಮಿಕ್ಕಿದ್ದೆಲ್ಲ ಅಲ್ಲಿಗೇ ನಿಲ್ಲುತ್ತದೆ.

ನಂತರ ಆಡಿಟರ್. ಹಳೆಯವರ ಐದು ವರ್ಷದ ಅವಧಿ ಉಳಿದಿದೆಯೇ, ಅವರ ನೇಮಕ ತಿಳಿಸುವ ಎಡಿಟಿ-1 ದಾಖಲಾಗಿದೆಯೇ ಕೇಳು. ಬದಲಾಯಿಸುವುದಾದರೆ ಅವರ ಬಾಕಿ ಆಡಿಟ್ ಫೀಸನ್ನು ಮೊದಲು ತೀರಿಸು. ತಕರಾರಿಲ್ಲದ ಫೀಸು ಬಾಕಿಯಿರುವಾಗ ಹೊಸ ಸಿ.ಎ. ಒಪ್ಪಿಕೊಳ್ಳುವಂತಿಲ್ಲ, ಹಳೆಯವರಿಗೆ ಪತ್ರ ಬರೆದು ವಿಚಾರಿಸಿಯೇ ಕೆಲಸ ಹಿಡಿಯಬೇಕು.

ವ್ಯಾಪಾರವೇ ಇರಲಿಲ್ಲ, ಲೆಕ್ಕವೇನಿದೆ ಅನ್ನಬೇಡ. ಬ್ಯಾಂಕ್ ಮುರಿದುಕೊಂಡ ಚಾರ್ಜು, ಆಡಿಟ್ ಫೀಸು, ನೀನು ಕೈಯಿಂದ ಹಾಕಿದ ಹಣ ಎಲ್ಲಕ್ಕೂ ನಮೂದು ಬೇಕು. ನೀನು ಹಾಕಿದ್ದು ನಿರ್ದೇಶಕನ ಸಾಲ. ಅದು ಸಾಲ ತಂದ ಹಣವಲ್ಲ ಎಂದು ನಿನ್ನಿಂದ ಬರೆಸಿಟ್ಟುಕೊಳ್ಳಬೇಕು, ಪ್ರತಿ ವರ್ಷ ಠೇವಣಿ, ಸಾಲಗಳ ರಿಟರ್ನ್ ಆದ ಡಿಪಿಟಿ-3ರಲ್ಲಿ ತೋರಿಸಬೇಕು. ಈಗಿನ ತಡ ಶುಲ್ಕವನ್ನು ನಿನ್ನ ಖಾತೆಯಿಂದ ಕಟ್ಟಿದರೆ ಅದೂ ಹಾಗೆಯೇ. ಫೈಲಿಂಗ್ ಹಳೆಯ ವರ್ಷದಿಂದಲೇ ಶುರುಮಾಡು. ಒಂದರ ಮುಕ್ತಾಯದ ಅಂಕಿ ಮುಂದಿನದರ ಆರಂಭಕ್ಕೆ ರೂಪಾಯಿ ತಪ್ಪದೆ ಕೂಡಬೇಕು.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. "ಸಭೆ ಆಗಲೇ ನಡೆದಿತ್ತು ಅಂತ ಹಳೇ ತಾರೀಕು ಹಾಕಿಬಿಡೋಣ ಸಾರ್" ಎನ್ನುವವರು ಸಿಗುತ್ತಾರೆ. ಬೇಡ ಕಣೋ. ಸಿ.ಎ. ಸಹಿ ಹಾಕುವ ಪ್ರತಿ ದಾಖಲೆಗೂ ಯುಡಿಐಎನ್ ಎಂಬ ಪ್ರತ್ಯೇಕ ಗುರುತಿನ ಸಂಖ್ಯೆ ಬೇಕು, ಅದನ್ನು ಸಹಿಯಾದ 60 ದಿನದೊಳಗೆ ಪಡೆಯಬೇಕು. ಆಡಿಟ್ ವರದಿ ಈ ವರ್ಷದ್ದು, ಅದನ್ನು ಅಂಗೀಕರಿಸಿದ ಸಭೆ ಎರಡು ವರ್ಷ ಹಿಂದಿನದು ಎಂದರೆ ಸುಳ್ಳು ತಾನೇ ಎದ್ದು ಕಾಣುತ್ತದೆ. ಹಾಗೆ ಮಾಡಿದರೂ ತಡ ಶುಲ್ಕ ತಪ್ಪುವುದಿಲ್ಲ. ಮೇಲಾಗಿ ಸುಳ್ಳು ಹೇಳಿಕೆಗೆ 448ನೇ ಸೆಕ್ಷನ್ ವಂಚನೆಯ ಶಿಕ್ಷೆಯನ್ನೇ ಕೊಡುತ್ತದೆ. ಸಭೆಯನ್ನು ಈಗ ಕರೆ, ನಿಜವಾದ ತಾರೀಕನ್ನೇ ಬರೆ. ನೋಟಿಸ್ 21 ಪೂರ್ಣ ದಿನದ್ದು, ಮತದ ಹಕ್ಕಿರುವ 95 ಪ್ರತಿಶತ ಷೇರುದಾರರು ಬರೆದುಕೊಟ್ಟರೆ ಅದಕ್ಕಿಂತ ಕಡಿಮೆಯೂ ಸಾಕು. ನೀವಿಬ್ಬರೇ ತಾನೆ. ಸಕಾಲಕ್ಕೆ ಸಭೆ ನಡೆಸದ ತಪ್ಪಿಗೆ ಮುಂದೆ ರಾಜಿ ಅರ್ಜಿ, ಅಂದರೆ ಹಣ ಕಟ್ಟಿ ತಪ್ಪನ್ನು ಇತ್ಯರ್ಥ ಮಾಡಿಕೊಳ್ಳುವ ಅರ್ಜಿ, ಹಾಕಬೇಕಾಗಬಹುದು. ಅದನ್ನು ತೀರಿಸಬಹುದು.

ಇನ್ನೊಂದು, ನಿನಗೆ ಬೇಸರವಾದರೂ ಹೇಳಲೇಬೇಕು. ಮೂರು ಹಣಕಾಸು ವರ್ಷ ಸತತವಾಗಿ ಸಲ್ಲಿಸದ ಕಂಪನಿಯ ನಿರ್ದೇಶಕರು 164(2) ಪ್ರಕಾರ ಐದು ವರ್ಷ ಅನರ್ಹರು. ಈಗ ತುಂಬಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ರೂಪಾ ಬೇರೆ ಕಂಪನಿಯಲ್ಲಿ ನಿರ್ದೇಶಕಿಯಾಗಿದ್ದರೆ ಅಲ್ಲಿನ ಸ್ಥಾನ ಹೋಗುತ್ತದೆ. ಬಾಕಿ ಉಳಿಸಿಕೊಂಡ ನಿಮ್ಮ ಕಂಪನಿಯಲ್ಲಿನದು ಹೋಗುವುದಿಲ್ಲ. ಮೂರನೆಯ ವರ್ಷದ ಗಡುವು ದಾಟಿದೆಯೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೋ.

ಆದಾಯ ತೆರಿಗೆಯ ಐಟಿಆರ್-6, ವೃತ್ತಿ ತೆರಿಗೆಯ ವಾರ್ಷಿಕ 2,500, ಜಿಎಸ್‌ಟಿ ರದ್ದಾಗಿದೆಯೇ ಎಂಬುದು, ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾದ ಬ್ಯಾಂಕ್ ಖಾತೆಯ ಕೆವೈಸಿ, ಇವನ್ನೂ ಮರೆಯಬೇಡ. ಹೊಸ ಕಚೇರಿಯ ಹೊರಗೆ ಹೆಸರು, ವಿಳಾಸದ ಬೋರ್ಡ್ ಹಾಕಿಸುವಾಗ ಕನ್ನಡದಲ್ಲೂ ಬರೆಸು. ಸ್ಥಳೀಯ ಭಾಷೆಯ ಅಕ್ಷರ ಇರಬೇಕೆಂದು 12ನೇ ಸೆಕ್ಷನ್ನೇ ಹೇಳುತ್ತದೆ, ತಪ್ಪಿದರೆ ದಿನಕ್ಕೆ 1,000.

ಆ ಕಂಪನಿಯ ಹೆಸರಲ್ಲಿ ಆಸ್ತಿ, ಲೈಸೆನ್ಸ್, ಟ್ರೇಡ್‌ಮಾರ್ಕ್ ಏನೂ ಇಲ್ಲದಿದ್ದರೆ ಇಷ್ಟೆಲ್ಲ ಸುರಿಯುವ ಮೊದಲು ರೂಪಾಳ ಜೊತೆ ಕೂತು ಯೋಚಿಸು. ಎಸ್‌ಟಿಕೆ-2 ಹಾಕಿ ಮುಚ್ಚಲು ಸರ್ಕಾರಿ ಶುಲ್ಕ 10,000. ಅದಕ್ಕೂ ವ್ಯಾಪಾರ ನಿಂತ ವರ್ಷದವರೆಗಿನ ರಿಟರ್ನ್ ಸಲ್ಲಿಕೆಯಾಗಿರಬೇಕು. ಮಾಸ್ಟರ್ ಡೇಟಾ ಪುಟ, ಇಬ್ಬರ ಡಿಐಎನ್ ಸ್ಥಿತಿ, ಕೊನೆಯ ಬ್ಯಾಲೆನ್ಸ್ ಶೀಟ್, ಅಂದಿನಿಂದ ಇಂದಿನವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ನನಗೆ ಕಳಿಸು. ನೋಡಿ, ಉಳಿಸುವುದೋ ಮುಚ್ಚುವುದೋ ಹೇಳುತ್ತೇನೆ.

ಇತಿ,
ನಿನ್ನ ಮಾವ