ಲೂಪ್ ಲೈನ್ ಪಕ್ಕದವರಿಗೆಲ್ಲ ಒಂದು ಥ್ಯಾಂಕ್ಸ್

ನಮ್ಮ ಮನೆಗಳ ಹಿಂದಿನ ಲೂಪ್ ಲೈನ್‌ನಲ್ಲಿ, ಅಂದರೆ ರೈಲನ್ನು ಪಕ್ಕಕ್ಕೆ ತೆಗೆದು ನಿಲ್ಲಿಸುವ ಹಳಿಯಲ್ಲಿ, ಟ್ಯಾಂಕ್ ವ್ಯಾಗನ್ ಸೋರಿದರೆ ಏನು ಮಾಡಬೇಕು ಅಂತ ಮೊನ್ನೆ ಮಾಡಿದ ಮಾಕ್ ಡ್ರಿಲ್ ಮುಗಿದ ಮೇಲೆ ಒಬ್ಬೊಬ್ಬರ ಹತ್ತಿರಾನೂ ಹೋಗಿ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡಿದ್ದೆ. ಉಪ್ಪಿಟ್ಟಿನ ಪಾತ್ರೆ ಖಾಲಿಯಾಗುತ್ತಿದ್ದ ಹಾಗೆ ಅರ್ಧ ಜನ ಹೊರಟೇಬಿಟ್ಟರು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾವೆಲ್ಲ ಸೇರಿದ್ದು ಹೇಗೆ ಅಂತ ನೆನಪಿದೆ ಅಲ್ವಾ? 2025ರ ಜುಲೈ 13, ಭಾನುವಾರ. ತಮಿಳುನಾಡಿನ ತಿರುವಳ್ಳೂರು ಹತ್ತಿರ ಡೀಸೆಲ್ ತುಂಬಿದ್ದ ಗೂಡ್ಸ್ ರೈಲು ಹಳಿ ತಪ್ಪಿ ಹೊತ್ತಿ ಉರಿಯಿತು. ಆ ಕಪ್ಪು ಹೊಗೆಯ ವಿಡಿಯೋ ನಮ್ಮ ಬೀದಿಯ ಎಲ್ಲ ಮೊಬೈಲಿಗೂ ಬಂತು. ನಮ್ಮ ಮನೆ ಹಿಂದೆ ಹೋಗುವ ಟ್ಯಾಂಕ್ ವ್ಯಾಗನ್‌ನಲ್ಲಿ ಏನಿರುತ್ತೆ, ಅದು ಸೋರಿದರೆ ನಾವು ಯಾವ ಕಡೆ ಓಡಬೇಕು ಅಂತ ಯಾರೋ ಕೇಳಿದರು. ಮಂಡ್ಯದಲ್ಲಿ ಹುಟ್ಟಿ, ಆ ಹಳಿ ದಾಟಿಕೊಂಡೇ ಸ್ಕೂಲಿಗೆ ಹೋದವರು ನಾವು. ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಹುಡುಕಿದರೆ, ಗೊತ್ತಿದ್ದವರು ನಾಲ್ಕು ಮನೆ ಆಚೆ ಕೂತು ಪೇಪರ್ ಓದುತ್ತಿದ್ದರು.

ಮೊದಲು ಎಲ್ಲರಿಗೂ ಒಟ್ಟಿಗೆ. ನಕ್ಷೆ ಹಾಸಿ 800 ಮೀಟರ್, 1,600 ಮೀಟರ್ ಸುತ್ತು ಎಳೆದುಕೊಟ್ಟ ಕೆಮಿಸ್ಟ್ರಿ ಮೇಷ್ಟ್ರು, ಮಲಗಿದ ಮೇಲೆ ಏಳಲಾಗದವರ ಪಟ್ಟಿ ಬಾಯಲ್ಲೇ ಇಟ್ಟುಕೊಂಡಿದ್ದ ಆಶಾ ಕಾರ್ಯಕರ್ತೆಯರು, ಕೀ ಕೊಟ್ಟ ಕಲ್ಯಾಣ ಮಂಟಪದವರು, ಆಟೋ ಸ್ಟ್ಯಾಂಡಿನ ಹುಡುಗರು, ಎಲ್ಲರಿಗೂ ಕೈಮುಗಿದೆ. ಒಂದೇ ಸಾಲಿಗೆ ಸೇರಿಸಿಬಿಟ್ಟೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮೇಷ್ಟ್ರೇ, ರಸ್ತೆ ಟ್ಯಾಂಕರ್ ಹಿಂದೆ ಒಳಗೆ ಏನಿದೆ ಅಂತ ಹೇಳುವ ನಂಬರ್ ಓದುವುದನ್ನು ಮಕ್ಕಳಿಗೆ ಕಲಿಸಿದ್ದೀರಲ್ಲ, ಈಗ ಹೈವೇಯಲ್ಲಿ ನೆಮ್ಮದಿಯಾಗಿ ಹೋಗೋ ಹಾಗಿಲ್ಲ. 1203 ಪೆಟ್ರೋಲು, 1202 ಡೀಸೆಲ್ಲು, 1075 ಗ್ಯಾಸು ಅಂತ ನನ್ನ ಮಗಳು ಬೆಂಗಳೂರು ತನಕ ಕಿರುಚುತ್ತಾಳೆ.

ಅಗ್ನಿಶಾಮಕ ದಳದಿಂದ ನಿವೃತ್ತರಾದ ಅಣ್ಣನಿಗೆ ಇನ್ನೊಂದು ಸಾಲು. ಸಕ್ಕರೆ ನಾಡಿನಲ್ಲಿ ಎಥೆನಾಲ್ ಟ್ಯಾಂಕರ್ ಓಡಾಟ ಜಾಸ್ತಿ. ಪೆಟ್ರೋಲ್ ಬೆಂಕಿಗೆ ಹೊಡೆಯುವ ಮಾಮೂಲಿ ನೊರೆ ಅದಕ್ಕೆ ನಡೆಯುವುದಿಲ್ಲ, ಎಥೆನಾಲ್ ಆ ನೊರೆಯನ್ನೇ ಕರಗಿಸಿಬಿಡುತ್ತೆ, ಬೇರೆ ಥರದ ನೊರೆಯೇ ಬೇಕು ಅಂತ ನೀವು ಹೇಳುವವರೆಗೆ ನಮಗೆ ನೊರೆ ಅಂದರೆ ನೊರೆ ಅಷ್ಟೇ.

ಈಗ ಟಿಎಕ್ಸ್‌ಆರ್ ಸಾಹೇಬರು.

ಟಿಎಕ್ಸ್‌ಆರ್ ಅಂದರೆ ರೈಲಿನ ವ್ಯಾಗನ್‌ಗಳನ್ನು ಪರೀಕ್ಷೆ ಮಾಡಿ ಓಡಲು ಬಿಡುವವರು. ಇವರು ರಿಟೈರ್ ಆಗಿ ವರ್ಷಗಳಾದವು. ಮೊದಲ ಸಭೆಗೆ ಬಂದಾಗ ಹಿಂದಿನ ಬೆಂಚಲ್ಲಿ ಕೂತು ಒಂದು ಮಾತೂ ಆಡಲಿಲ್ಲ. ನಾವೆಲ್ಲ ಕೂಗಾಡಿ ಸುಸ್ತಾದ ಮೇಲೆ ಎದ್ದು ನಿಂತು ಕೆನಡಾದ ಕಥೆ ಹೇಳಿದರು. ಲಾಕ್-ಮೆಗಾಂಟಿಕ್ ಅಂತ ಒಂದು ಸಣ್ಣ ಊರು. ಅದರ ಮೇಲಿನ ಇಳಿಜಾರಿನಲ್ಲಿ ರಾತ್ರಿ ಕಚ್ಚಾತೈಲದ ರೈಲು ನಿಲ್ಲಿಸಿದ್ದರು. ಎಂಜಿನ್‌ಗೆ ಬೆಂಕಿ ಹತ್ತಿತು. ಬೆಂಕಿಯವರು ಬಂದು ಆರಿಸಿದರು, ಎಂಜಿನ್ ಬಂದ್ ಆಯಿತು, ಎಲ್ಲರೂ ಮನೆಗೆ ಹೋದರು. ಎಂಜಿನ್ ನಿಂತರೆ ಏರ್ ಬ್ರೇಕಿನ ಗಾಳಿ ನಿಧಾನಕ್ಕೆ ಇಳಿಯುತ್ತೆ. ಹಾಕಿದ್ದ ಹ್ಯಾಂಡ್ ಬ್ರೇಕ್ ಸಾಲಲಿಲ್ಲ. ಡ್ರೈವರ್ ಇಲ್ಲದ ರೈಲು ತಾನಾಗೇ ಉರುಳಿ ಊರಿನೊಳಗೆ ನುಗ್ಗಿತು. 2013ರ ಜುಲೈ 6. 47 ಜನ ಸತ್ತರು. ‘ಬೆಂಕಿ ಗೊತ್ತಿದ್ದವರು ಅಲ್ಲಿದ್ದರು. ಬ್ರೇಕ್ ಗೊತ್ತಿದ್ದವನನ್ನು ಯಾರೂ ಎಬ್ಬಿಸಿ ಅಲ್ಲಿಗೆ ಕರೆಸಲಿಲ್ಲ’ ಅಂದು ಕೂತುಬಿಟ್ಟರು. ಆವತ್ತು ನಾವು ಮಾಡಿದ ಕೆಲಸ ಒಂದೇ, ಯಾವ ರಾತ್ರಿ ಯಾರನ್ನು ಎಬ್ಬಿಸಬೇಕು ಅನ್ನುವ ಪಟ್ಟಿ.

ಆ ಪಟ್ಟಿ ಅಷ್ಟು ಬೇಗ ಬೇಕಾಗುತ್ತೆ ಅಂತ ಯಾರು ಅಂದುಕೊಂಡಿದ್ದರು.

ನಮ್ಮ ಹಿಂದಿನ ಹಳಿಯಲ್ಲಿ ಪೆಟ್ರೋಲ್ ವ್ಯಾಗನ್ ಸೋರಿದ ಆ ರಾತ್ರಿ ಏನಾಯಿತು ಅನ್ನುವುದು ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಯಾರ ತಪ್ಪು ಅನ್ನುವ ಚರ್ಚೆಯೂ ಇಲ್ಲಿ ಬೇಡ. ಚರಂಡಿಯಲ್ಲಿ ಪೆಟ್ರೋಲ್ ವಾಸನೆ ಬಂದಾಗ ಸಾಹೇಬರು ಮೊದಲು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಹೆಗಲ ಮೇಲಿನ ಟವಲ್ಲಿನ ಅಂಚು ಹರಿದು, ಒಂದು ದಾರ ಎಳೆದು, ಅವರೆ ಚಪ್ಪರದ ಕೋಲಿಗೆ ಕಟ್ಟಿದರು. ಗಾಳಿ ಯಾವ ಕಡೆಗೆ ಅಂತ ನೋಡೋಕೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೆ ಹಾರಿ ಹೋಗಲ್ಲ, ತಗ್ಗು ಹುಡುಕಿಕೊಂಡು ನೆಲದ ಮೇಲೇ ತೆವಳುತ್ತೆ ಅಂತ ಬೀದಿ ಪೂರ್ತಿ ಹೇಳಿಕೊಂಡು ಬಂದರು. ಯಾರೂ ಗಾಡಿ ಸ್ಟಾರ್ಟ್ ಮಾಡಬಾರದು, ಲೈಟ್ ಸ್ವಿಚ್ಚೂ ಮುಟ್ಟಬಾರದು. ಅಷ್ಟು ಸ್ಕೂಟರ್‌ಗಳನ್ನು ಕತ್ತಲಲ್ಲಿ ತಳ್ಳಿಕೊಂಡು ಹೋಗಿದ್ದು ನೆನಪಿದೆಯಾ? ಮದುವೆ ದಿಬ್ಬಣದಲ್ಲೂ ನಮ್ಮ ಬೀದಿಯವರು ಇಷ್ಟು ಸಾಲಾಗಿ ನಡೆದಿಲ್ಲ.

ಅವರು ವ್ಯಾಗನ್ ಹತ್ತಿರ ಹೋಗಲಿಲ್ಲ. ‘ನನಗೆ ಈಗ ಆ ಅಧಿಕಾರ ಇಲ್ಲ. ಡ್ಯೂಟಿಯಲ್ಲಿ ಇರೋರು ನೋಡ್ಕೋತಾರೆ’ ಅಂದರು. ಬೀದಿಯ ತುದಿಯಲ್ಲಿ ನಿಂತು ಅಲ್ಲಿ ಏನು ನಡೆಯುತ್ತಿದೆ ಅಂತ ನಮಗೆ ಬಿಡಿಸಿ ಹೇಳುತ್ತಿದ್ದರು. ಬೆಂಕಿ ಗಾಡಿ ಬಂದು ಸುಮ್ನೆ ನಿಂತಿದೆ, ನೀರು ಯಾಕೆ ಬಿಡ್ತಿಲ್ಲ ಅಂತ ಹುಡುಗರು ರೇಗಿದಾಗ ಮೇಲಿನ ತಂತಿ ತೋರಿಸಿದರು. ಅದರಲ್ಲಿ 25,000 ವೋಲ್ಟ್. ಕರೆಂಟ್ ತೆಗೆದು, ಅರ್ಥಿಂಗ್ ಮಾಡಿ, ಆಯಿತು ಅಂತ ಹೇಳುವ ತನಕ ನೀರಿನ ಪೈಪ್ ಎತ್ತಿದರೆ ಹಿಡಿದವನೇ ಹೋಗುತ್ತಾನೆ. ಹುಡುಗರು ತೆಪ್ಪಗಾದರು. ಈ ಒಂದು ಮಾತಿಗೇ ಅವತ್ತು ಕಲ್ಲು ತೂರಾಟ ತಪ್ಪಿತು ಅಂತ ನನ್ನ ಲೆಕ್ಕ.

ಇನ್ನು ಅಪ್ಪನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಅಪ್ಪ ಹಾಸಿಗೆ ಹಿಡಿದಿದ್ದರು, ನಿಮಗೆ ಗೊತ್ತು. ಆಂಬುಲೆನ್ಸ್ ಒಳಗೆ ತರುವ ಹಾಗಿರಲಿಲ್ಲ. ‘ನನ್ನ ಬಿಟ್ಟು ಮಕ್ಕಳನ್ನ ಕರ್ಕೊಂಡು ಹೋಗು’ ಅಂತ ಅಪ್ಪ ಬಾಗಿಲ ಕಡೆ ಕೈ ತೋರಿಸಿದರು. ನನಗೆ ಕಾಲೇ ಏಳಲಿಲ್ಲ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಸಾಹೇಬರು ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಒಳಗೆ ಬಂದರು. ಅಪ್ಪನನ್ನು ಕೂರಿಸಿ, ಪಂಚೆಯಿಂದ ಕುರ್ಚಿಗೆ ಕಟ್ಟಿ, ‘ಹಿಂದಿನ ಕಾಲು ನೀನು ಹಿಡಿ’ ಅಂದರು. ಆ ವಯಸ್ಸಲ್ಲಿ ಮುಂದಿನ ಭಾರ ತಾವು ಹೊತ್ತು ಗದ್ದೆ ಬದು ದಾಟಿಸಿದರು. ಕಲ್ಯಾಣ ಮಂಟಪದಲ್ಲಿ ಬೆಳಗಾಗುವವರೆಗೆ ಅಪ್ಪನ ಪಕ್ಕ ಕೂತು ಮೀಟರ್ ಗೇಜ್ ಕಾಲದ ಮಾತಾಡಿದರು. ಮಧ್ಯೆ ಮಧ್ಯೆ ಎದ್ದು ಹೋಗಿ ದಾರ ನೋಡಿ ಬರುತ್ತಿದ್ದರು. ಅಪ್ಪ ಈಗಿಲ್ಲ. ಆಮೇಲೆ ಎಷ್ಟೋ ದಿನ ಬಿಟ್ಟು, ತಮ್ಮ ಮಂಚದ ಮೇಲೆ, ಎಲ್ಲರೂ ಸುತ್ತ ಇದ್ದಾಗ ಹೋದರು. ಸಾಹೇಬರೇ, ನಿಮ್ಮ ಎದುರಿಗೆ ಇದನ್ನು ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀವು ಕಾಫಿ ಕೇಳಿದಿರಿ.

ಇರಲಿ. ಆಲೆಮನೆ ಯಜಮಾನರನ್ನು ಮರೆತರೆ ಬೆಲ್ಲದ ಋಣ ಕಾಡುತ್ತೆ. ಆ ಹೊತ್ತಿನಲ್ಲಿ ಅವರ ಒಲೆ ಧಗಧಗ ಉರಿಯುತ್ತಿತ್ತು, ಕೊಪ್ಪರಿಗೆಯಲ್ಲಿ ಪಾಕ ಇನ್ನೇನು ಹದಕ್ಕೆ ಬರುವುದರಲ್ಲಿತ್ತು. ಗಾಳಿ ಆ ಕಡೆಗೇ. ಒಬ್ಬ ಹುಡುಗ ಓಡಿ ಹೋಗಿ ಹೇಳಿದ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಒಲೆಗೆ ನೀರು ಸುರಿದರು. ಪಾಕ ಪೂರ್ತಿ ಕೆಟ್ಟಿತು. ದುಡ್ಡು ಕೊಡಲು ಹೋದರೆ ‘ಬೆಲ್ಲ ನಾಳೆ ಬೇಯಿಸ್ಬೋದು ಬುಡ್ರಪ್ಪ’ ಅಂದರು. ಗದ್ದೆಗಳಿಗೆ ನಾಲೆ ನೀರು ಬಿಡುವ ನೀರುಗಂಟಿಯವರೂ ಹಾಗೇ. ಚರಂಡಿ ನೀರು ಎಲ್ಲಿ ಸುತ್ತಿ ಯಾವ ತೂಬಿನ ಹತ್ತಿರ ನಾಲೆ ಸೇರುತ್ತೆ ಅನ್ನುವುದು ಯಾವ ಎಂಜಿನಿಯರ್ ನಕ್ಷೆಯಲ್ಲೂ ನಮಗೆ ಸಿಕ್ಕಿರಲಿಲ್ಲ. ಅವರು ಕತ್ತಲಲ್ಲೇ ಹೋಗಿ ಮಣ್ಣಿನ ಮೂಟೆ ಒಡ್ಡಿ ಬಂದರು. ಆ ನಾಲೆ ನೀರನ್ನು ನಂಬಿ ಕೆಳಗೆ ಎಷ್ಟು ಗದ್ದೆ ಇದೆ, ಎಷ್ಟು ದನ ಕುಡಿಯುತ್ತವೆ.

ವಕೀಲ ಮೇಡಂಗೆ ವಿಶೇಷ ಥ್ಯಾಂಕ್ಸ್. ರಾಸಾಯನಿಕ ಅಪಘಾತಗಳ ಬಗ್ಗೆ 1996ರಲ್ಲೇ ಕೇಂದ್ರದ ನಿಯಮ ಬಂದಿದೆ, ಜಿಲ್ಲಾ ಮಟ್ಟದಲ್ಲಿ, ಸ್ಥಳೀಯ ಮಟ್ಟದಲ್ಲಿ ಬಿಕ್ಕಟ್ಟು ಗುಂಪು ಇರಬೇಕು, ಸ್ಥಳೀಯ ಗುಂಪಿನಲ್ಲಿ ಡಾಕ್ಟರು, ಸಮಾಜ ಸೇವಕರು, ಇಂಥ ಸರಕು ಸಾಗಿಸುವವರೂ ಕೂರಬೇಕು ಅಂತ ತೋರಿಸಿಕೊಟ್ಟವರು ಅವರು. ಆ ಕಾಗದ ಕೈಯಲ್ಲಿದ್ದಿದ್ದಕ್ಕೇ ಕಚೇರಿಗಳಲ್ಲಿ ನಮ್ಮನ್ನು ಕೂರಿಸಿ ಮಾತಾಡಿಸಿದರು. ಇಲ್ಲದಿದ್ದರೆ ‘ನಿಮಗ್ಯಾಕ್ರೀ ಇದು’ ಅಂತ ಹೊರಗೆ ಕಳಿಸುತ್ತಿದ್ದರು. ಮೊದಲ ಸಲ ಹಾಗೇ ಕಳಿಸಿದ್ದರು ಕೂಡ.

ಡ್ರಿಲ್‌ನಲ್ಲಿ ಎಲ್ಲವೂ ಸರಿಯಾಯಿತು ಅಂತೇನಿಲ್ಲ. ಮೈಕ್ ಕೈಕೊಟ್ಟಿತು. ಹಾಸ್ಟೆಲ್ ಹುಡುಗರು ಗಾಳಿಯ ಜೊತೆಗೇ ಓಡಿದರು, ಗಾಳಿಗೆ ಅಡ್ಡವಾಗಿ ಹೋಗಬೇಕಿತ್ತು. ಎಥೆನಾಲ್ ನೊರೆಯ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ, ಅದನ್ನು ಯಾರಾದರೂ ಒಬ್ಬರು ಬೆನ್ನು ಹತ್ತಬೇಕು. ಆಲೆಮನೆ ಯಜಮಾನರ ಫೋನ್ ನಂಬರ್ ಬದಲಾಗಿದೆ, ಪಟ್ಟಿಯಲ್ಲಿ ಹಳೆಯದೇ ಇದೆ. ನಂಬರ್ ಬದಲಾಯಿಸಿರುವ ಬೇರೆಯವರೂ ಈ ವಾರದೊಳಗೆ ಮೇಷ್ಟ್ರಿಗೆ ಹೇಳಿ. ರಾತ್ರಿ ಫೋನ್ ಸೈಲೆಂಟ್ ಮಾಡಿ ಮಲಗುವವರು ಪಕ್ಕದ ಮನೆಯವರ ನಂಬರನ್ನೂ ಕೊಡಿ.