ಮೊಬೈಲಲ್ಲಿ ಕಂಡ ಮಾತ್ರಕ್ಕೆ ಕ್ರಿಪ್ಟೊ ಹಣ ಬಂದಂತಲ್ಲ

ಮಾನ್ಯ ಸಂಪಾದಕರೇ,

ಗೋಕುಲಂ ಸುತ್ತಮುತ್ತ ಯೋಗ ಕಲಿಯಲು ಬರುವ ವಿದೇಶಿಯರಿಗೆ ಮನೆ ಬಾಡಿಗೆಗೆ ಕೊಡುವವರು, ಮನೆಯಲ್ಲೇ ಕುಳಿತು ಹೊರದೇಶದವರಿಗೆ ವೆಬ್‌ಸೈಟ್ ಮಾಡಿಕೊಡುವ ಮೈಸೂರು, ಮಂಡ್ಯದ ಹುಡುಗ ಹುಡುಗಿಯರು ಇತ್ತೀಚೆಗೆ ಕೇಳಿಸಿಕೊಳ್ಳುವ ಮಾತು ಇದು: ‘ಬಿಟ್‌ಕಾಯಿನ್‌ನಲ್ಲಿ ಕೊಡಲಾ? ಯುಎಸ್‌ಡಿಟಿ ಆಗುತ್ತಾ?’ ಯುಎಸ್‌ಡಿಟಿ ಎಂದರೆ ಡಾಲರ್ ಬೆಲೆಗೆ ಕಟ್ಟಿದ, ಟೆದರ್ ಕಂಪನಿಯ ಕ್ರಿಪ್ಟೊ. ತೆಗೆದುಕೊಳ್ಳುವುದು ಬಿಡುವುದು ಅವರವರ ಇಷ್ಟ. ನಮ್ಮ ದೇಶದಲ್ಲಿ ಕ್ರಿಪ್ಟೊಗೆ ಅಧಿಕೃತ ಹಣದ ಮಾನ್ಯತೆ ಇಲ್ಲ, ಮಾರಿದ ಲಾಭಕ್ಕೆ ಶೇ 30 ತೆರಿಗೆ ಉಂಟು, ಮಿತಿ ದಾಟಿದ ವರ್ಗಾವಣೆಗೆ ಶೇ 1 ಟಿಡಿಎಸ್ ಉಂಟು ಎಂಬುದಷ್ಟೇ ಗೊತ್ತಿರಲಿ. ಆದರೆ ತೆಗೆದುಕೊಂಡವರು ಎಡವುವುದು ತೆರಿಗೆಗಿಂತ ಮುಂಚೆಯೇ. ಮೊಬೈಲಿನಲ್ಲಿ ‘ಬಂದಿದೆ’ ಎಂದು ಕಂಡ ಕೂಡಲೇ ಮನೆ ಕೀಲಿ ಕೊಟ್ಟುಬಿಡುತ್ತಾರೆ, ಮುಗಿದ ಕೆಲಸದ ಫೈಲ್ ಕಳಿಸಿಬಿಡುತ್ತಾರೆ.

ಕಾರ್ಖಾನೆಯಲ್ಲಿ ಕಬ್ಬು ತೂಗಿಸಿ ಚೀಟಿ ಪಡೆದ ಮಂಡ್ಯದ ರೈತ ಆ ಚೀಟಿಯನ್ನೇ ದುಡ್ಡು ಎಂದು ನಂಬುವುದಿಲ್ಲ. ಬ್ಯಾಂಕಿಗೆ ಜಮೆ ಆದ ಮೇಲಷ್ಟೇ ಸೊಸೈಟಿ ಸಾಲ ತೀರಿಸುವ ಮಾತು. ಕ್ರಿಪ್ಟೊದಲ್ಲೂ ಚೀಟಿ ಬೇರೆ, ಜಮೆ ಬೇರೆ. ಎರಡರ ನಡುವೆ ಎಷ್ಟು ಹೊತ್ತು ಕಾಯಬೇಕೆಂಬುದು ಯಾವ ಜಾಲ, ಎಷ್ಟು ಮೊತ್ತ ಎಂಬುದರ ಮೇಲೆ ನಿಂತಿದೆ.

ಬಿಟ್‌ಕಾಯಿನ್ ಕಳಿಸಿದಾಗ ಆ ಪಾವತಿ ಮೊದಲು ಮೆಂಪೂಲ್ ಎಂಬ ಸಾಲಿನಲ್ಲಿ ನಿಲ್ಲುತ್ತದೆ. ನಿಮ್ಮ ವಾಲೆಟ್ (ಕ್ರಿಪ್ಟೊ ಇಡುವ ಆ್ಯಪ್) ಆಗಲೇ ಮೊತ್ತ ತೋರಿಸುತ್ತದೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಅನ್‌ಕನ್ಫರ್ಮ್ಡ್’ ಎಂದಿರುತ್ತದೆ. ಆ ಸಣ್ಣಕ್ಷರವನ್ನೇ ಓದಬೇಕು. ಯಾಕೆಂದರೆ ಈ ಹಂತದಲ್ಲಿ ಕಳಿಸಿದವರೇ ಅದನ್ನು ಬದಲಾಯಿಸಬಹುದು. ನಿಮಗೆ ಪ್ರತಿ ವಿಬೈಟ್‌ಗೆ (ಪಾವತಿಯ ದತ್ತಾಂಶದ ಗಾತ್ರದ ಅಳತೆ) 2 ಸಟೋಶಿ (ಬಿಟ್‌ಕಾಯಿನ್‌ನ ಅತಿ ಚಿಕ್ಕ ಭಾಗ) ಶುಲ್ಕದಲ್ಲಿ ಕಳಿಸಿದ ನಾಣ್ಯವನ್ನೇ, 20 ಸಟೋಶಿ ಶುಲ್ಕ ಕಟ್ಟಿ ತಮ್ಮದೇ ಇನ್ನೊಂದು ವಿಳಾಸಕ್ಕೆ ತಿರುಗಿಸಿಕೊಂಡರೆ ಪಾವತಿಗಳನ್ನು ಬ್ಲಾಕ್ ಎಂಬ ಕಟ್ಟುಗಳಾಗಿ ಸರಪಳಿಗೆ ಸೇರಿಸುವ ಮೈನರ್‌ಗಳು ಹೆಚ್ಚು ಕೊಟ್ಟದ್ದನ್ನೇ ಎತ್ತಿಕೊಳ್ಳುತ್ತಾರೆ. ಇದು ಹ್ಯಾಕಿಂಗ್ ಅಲ್ಲ, ‘ರಿಪ್ಲೇಸ್ ಬೈ ಫೀ’ ಎಂಬ ಮಾಮೂಲಿ ಸೌಲಭ್ಯ. ಮೊದಲೆಲ್ಲ ಬದಲಾಯಿಸಬಹುದಾದ ಪಾವತಿಗೆ ಒಂದು ಗುರುತು ಇರುತ್ತಿತ್ತು, ಅದಿಲ್ಲದಿದ್ದರೆ ಸಣ್ಣ ಮೊತ್ತಕ್ಕೆ ಧೈರ್ಯ ಮಾಡುವವರಿದ್ದರು. 2024ರ ಅಕ್ಟೋಬರ್‌ನಲ್ಲಿ ಬಂದ ಬಿಟ್‌ಕಾಯಿನ್ ಕೋರ್ ಎಂಬ, ಜಾಲ ನಡೆಸುವ ತಂತ್ರಾಂಶದ 28ನೇ ಆವೃತ್ತಿಯಿಂದ ಗುರುತು ಇದ್ದರೂ ಇಲ್ಲದಿದ್ದರೂ ಬದಲಿ ಪಾವತಿಯನ್ನು ಒಪ್ಪಿಕೊಳ್ಳುವುದೇ ರೂಢಿಯಾಗಿದೆ. ಹಾಗಾಗಿ ಸೊನ್ನೆ ಕನ್ಫರ್ಮೇಷನ್, ಅಂದರೆ ಇನ್ನೂ ಬ್ಲಾಕ್‌ಗೆ ಸೇರದ ಪಾವತಿ, ಬರಿಯ ಬಾಯಿಮಾತು.

ಪಾವತಿ ಒಂದು ಬ್ಲಾಕ್‌ಗೆ ಸೇರಿದಾಗ ಮೊದಲ ಕನ್ಫರ್ಮೇಷನ್. ಅದರ ಮೇಲೆ ಕಟ್ಟಿದ ಪ್ರತಿ ಬ್ಲಾಕ್‌ಗೂ ಒಂದೊಂದು ಸೇರುತ್ತದೆ. ಪಾವತಿ 9,00,000ನೇ ಬ್ಲಾಕ್‌ನಲ್ಲಿದ್ದು ಸರಪಳಿಯ ತುದಿ 9,00,005 ಆಗಿದ್ದರೆ ಆರು ಕನ್ಫರ್ಮೇಷನ್ ಆದಂತೆ. ಇದನ್ನು ಹಣ ಕೊಡುವವರು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ನೋಡಬೇಡಿ, ಅವರು ಕೊಟ್ಟ ಲಿಂಕ್ ಒತ್ತಿಯೂ ನೋಡಬೇಡಿ. ನೀವೇ ಬ್ಲಾಕ್ ಎಕ್ಸ್‌ಪ್ಲೋರರ್ (ಸರಪಳಿಯಲ್ಲಿರುವ ಪಾವತಿಗಳನ್ನು ತೋರಿಸುವ ಜಾಲತಾಣ) ತೆರೆದು ನಿಮ್ಮ ವಿಳಾಸ ಹಾಕಿ ಹುಡುಕಿ. ಬ್ಲಾಕ್ ಸರಾಸರಿ 10 ನಿಮಿಷಕ್ಕೊಂದು ಬರುತ್ತದೆ, ಆದರೆ ಸರಾಸರಿ ಎಂಬ ಮಾತನ್ನು ಮರೆಯಬಾರದು. ದಿನಕ್ಕೆ ಸುಮಾರು 144 ಬ್ಲಾಕ್‌ಗಳಲ್ಲಿ ಸರಾಸರಿ ಏಳು 30 ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತವೆ. ಅರ್ಧ ಗಂಟೆಯಾದರೂ ಬರಲಿಲ್ಲವೆಂದು ಗಾಬರಿಯಾಗಿ ಇನ್ನೊಮ್ಮೆ ಕಳಿಸಿ ಎನ್ನಬೇಡಿ. ಶುಲ್ಕ ತೀರಾ ಕಡಿಮೆ ಇಟ್ಟಿದ್ದರೆ ಅದು ಎರಡು ವಾರ ಸಾಲಿನಲ್ಲೇ ನಿಂತು ಕೊನೆಗೆ ಬಿದ್ದುಹೋಗಲೂಬಹುದು. ಆಗ ಹಣ ಎಲ್ಲೂ ಕಳೆದುಹೋಗಿರುವುದಿಲ್ಲ, ಕಳಿಸಿದವರ ಬಳಿಯೇ ಇರುತ್ತದೆ. ಅವಸರವಿದ್ದರೆ ಪಡೆಯುವವರೂ ಒಂದು ಕೆಲಸ ಮಾಡಬಹುದು: ಬಂದು ನಿಂತ ಆ ಮೊತ್ತವನ್ನೇ ಹೆಚ್ಚು ಶುಲ್ಕ ಕಟ್ಟಿ ತಮ್ಮದೇ ಇನ್ನೊಂದು ವಿಳಾಸಕ್ಕೆ ಕಳಿಸಿದರೆ ಎರಡೂ ಒಟ್ಟಿಗೆ ಬ್ಲಾಕ್‌ಗೆ ಹತ್ತುತ್ತವೆ. ಕೆಲವು ವಾಲೆಟ್‌ಗಳಲ್ಲಿ ಮಾತ್ರ ಇದಕ್ಕೆ ಅವಕಾಶವಿದೆ.

‘ಆರು ಕನ್ಫರ್ಮೇಷನ್ ಆದರೆ ಮುಗಿಯಿತು’ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ಲೆಕ್ಕ ಕೆಲವರಿಗೇ ಗೊತ್ತು. 2008ರಲ್ಲಿ ಸಟೋಶಿ ನಕಮೊಟೊ ಹೆಸರಿನಲ್ಲಿ ಬಂದ ಪ್ರಬಂಧದಲ್ಲೇ ಅದಿದೆ. ಆಗಿಹೋದ ಪಾವತಿಯನ್ನು ಅಳಿಸಲು ಸರಪಳಿಯನ್ನೇ ಮರುಕಟ್ಟಹೊರಟ ಮೋಸಗಾರನ ಕೈಯಲ್ಲಿ ಜಾಲದ ಗಣನಾ ಶಕ್ತಿಯ ಶೇ 10 ಇದ್ದರೆ, ಅವನು ಗೆಲ್ಲುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಲು 5 ಬ್ಲಾಕ್ ಸಾಕು. ಶೇ 30 ಇದ್ದರೆ 24 ಬ್ಲಾಕ್ ಬೇಕು. ಅಂದರೆ ಆರು ಎಂಬ ಅಂಕಿ ಎದುರಾಳಿ ಎಷ್ಟು ಬಲಶಾಲಿ ಎಂಬ ಊಹೆಗೆ ಕಟ್ಟಿಕೊಂಡದ್ದು. 2013ರ ಮಾರ್ಚ್‌ನಲ್ಲಿ ಯಾರೂ ಮೋಸ ಮಾಡಹೊರಡದಿದ್ದರೂ 0.7 ಮತ್ತು 0.8 ಆವೃತ್ತಿಗಳ ತಂತ್ರಾಂಶ ಒಂದೇ ಬ್ಲಾಕ್‌ ಬಗ್ಗೆ ಬೇರೆ ಬೇರೆ ತೀರ್ಪು ಕೊಟ್ಟು, ಸರಪಳಿ ಎರಡಾಗಿ, 24 ಬ್ಲಾಕ್‌ಗಳನ್ನು ಕೈಬಿಡಬೇಕಾಯಿತು. ನಮ್ಮ ಸಲಹೆ ಇಷ್ಟು: ಕೆಲವು ಸಾವಿರ ರೂಪಾಯಿಗೆ ಒಂದು ಕನ್ಫರ್ಮೇಷನ್, ಲಕ್ಷದ ಆಸುಪಾಸಿಗೆ ಮೂರು, ಅದಕ್ಕೂ ಮೇಲಿದ್ದರೆ ಆರು. ಗುರುತು ಪರಿಚಯ ಇಲ್ಲದವರಾದರೆ ರಾತ್ರಿ ಕಳೆದು ಬೆಳಿಗ್ಗೆ ಕೀಲಿ ಕೊಡಿ.

ಇದೇ ಅಂಕಿಯನ್ನು ಸಣ್ಣ ನಾಣ್ಯಗಳಿಗೆ ಹಚ್ಚುವುದು ದೊಡ್ಡ ತಪ್ಪು. ಸಣ್ಣ ಜಾಲವನ್ನು ಸೋಲಿಸುವಷ್ಟು ಶಕ್ತಿ ಗಂಟೆ ಲೆಕ್ಕದ ಬಾಡಿಗೆಗೇ ಸಿಗುತ್ತದೆ. ಬಿಟ್‌ಕಾಯಿನ್ ಗೋಲ್ಡ್‌ಗೆ 2018ರ ಮೇನಲ್ಲಿ ಇದೇ ಪೆಟ್ಟು ಬಿತ್ತು. ಇಥೀರಿಯಂ ಕ್ಲಾಸಿಕ್‌ನಲ್ಲಿ 2020ರ ಆಗಸ್ಟ್ ಒಂದೇ ತಿಂಗಳಲ್ಲಿ ಮೂರು ಬಾರಿ, ಪ್ರತಿ ಸಲವೂ ಸಾವಿರಾರು ಬ್ಲಾಕ್‌ಗಳು ಅಳಿಸಿಹೋದವು. ಅಂಥ ಕಡೆ ಆರಲ್ಲ, ಅರವತ್ತೂ ಸಾಲದು.

ಇಥೀರಿಯಂನ ಬಗೆಯೇ ಬೇರೆ. 2022ರ ಸೆಪ್ಟೆಂಬರ್‌ನಿಂದ ಅಲ್ಲಿ ಮೈನಿಂಗ್ ಇಲ್ಲ, ಈಥರ್ ಎಂಬ ಅಲ್ಲಿನ ನಾಣ್ಯವನ್ನು ಪಣಕ್ಕಿಟ್ಟವರೇ ಬ್ಲಾಕ್‌ಗಳನ್ನು ಖಚಿತಪಡಿಸುತ್ತಾರೆ. 12 ಸೆಕೆಂಡಿಗೊಂದು ಸ್ಲಾಟ್ (ಒಂದು ಬ್ಲಾಕ್‌ಗೆ ಮೀಸಲಾದ ಅವಧಿ), 32 ಸ್ಲಾಟ್‌ಗೆ ಒಂದು ಎಪಾಕ್, ಎರಡು ಎಪಾಕ್ ಕಳೆದರೆ, ಅಂದರೆ ಸುಮಾರು 13 ನಿಮಿಷಕ್ಕೆ, ಎಕ್ಸ್‌ಪ್ಲೋರರ್‌ನಲ್ಲಿ ‘ಫೈನಲೈಸ್ಡ್’ ಎಂದು ಬರುತ್ತದೆ. ಅದನ್ನು ತಿರುಗಿಸಬೇಕಾದರೆ ಪಣಕ್ಕಿಟ್ಟ ಈಥರ್‌ನಲ್ಲಿ ಕನಿಷ್ಠ ಮೂರನೇ ಒಂದು ಪಾಲನ್ನು ಕಳೆದುಕೊಳ್ಳಲು ತಯಾರಿರಬೇಕು. ಇಲ್ಲಿ ಗಡಿಯಾರ ನೋಡಬೇಡಿ, ಆ ಪದವನ್ನೇ ನೋಡಿ. 2023ರ ಮೇ 11 ಮತ್ತು 12ರಂದು ಬ್ಲಾಕ್‌ಗಳು ಬರುತ್ತಲೇ ಇದ್ದವು, ಫೈನಲೈಸ್ ಆಗುವುದು ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಇನ್ನೊಂದು ಗುಂಡಿ ಇದೆ, ತಿಳಿದವರೂ ಬೀಳುತ್ತಾರೆ. ಇಥೀರಿಯಂನಂಥ ಜಾಲದಲ್ಲಿ ವಿಫಲವಾದ ಪಾವತಿಯೂ ಬ್ಲಾಕ್‌ಗೆ ಸೇರುತ್ತದೆ, ಅದಕ್ಕೂ ಕನ್ಫರ್ಮೇಷನ್ ಏರುತ್ತಲೇ ಹೋಗುತ್ತದೆ. ‘ಸ್ಟೇಟಸ್’ ಸಾಲಿನಲ್ಲಿ ‘ಫೇಲ್’ ಎಂದಿದ್ದರೆ ನೂರು ಕನ್ಫರ್ಮೇಷನ್ ಆದರೂ ನಿಮಗೆ ಒಂದು ಕಾಸೂ ಬಂದಿಲ್ಲ. ಯುಎಸ್‌ಡಿಟಿ ಆದರೆ ಇನ್ನೂ ಒಂದು ತಪಾಸಣೆ ಬೇಕು. ಆ ಹೆಸರಿನ ಟೋಕನ್ (ಜಾಲದ ಮೇಲೆ ಸೃಷ್ಟಿಸಿದ ನಾಣ್ಯ) ಯಾರು ಬೇಕಾದರೂ ಸೃಷ್ಟಿಸಬಹುದು. ಹೆಸರು, ಚಿಹ್ನೆ ನಂಬದೆ ಕಾಂಟ್ರಾಕ್ಟ್ ವಿಳಾಸವನ್ನು (ಆ ಟೋಕನ್ ನಡೆಸುವ ಪ್ರೋಗ್ರಾಂನ ವಿಳಾಸ) ಟೆದರ್ ಕಂಪನಿಯ ಸ್ವಂತ ಜಾಲತಾಣದಲ್ಲಿರುವುದರ ಜತೆ ಅಕ್ಷರ ಅಕ್ಷರ ತಾಳೆ ಹಾಕಿ. ಟ್ರಾನ್ ಎಂಬ ಇನ್ನೊಂದು ಜಾಲದಲ್ಲಿ ಬಂದ ಯುಎಸ್‌ಡಿಟಿಗೆ 19 ಬ್ಲಾಕ್, ಸುಮಾರು ಒಂದು ನಿಮಿಷ ಸಾಕು. ಹಾಗೆ ಖಚಿತವಾದ ಮೇಲೂ ಆ ವಿಳಾಸವನ್ನು ಸ್ತಂಭನಗೊಳಿಸುವ ಅಧಿಕಾರ ಕಂಪನಿಯ ಕೈಯಲ್ಲಿರುತ್ತದೆ.

ಎಕ್ಸ್‌ಚೇಂಜ್ (ಕ್ರಿಪ್ಟೊ ಕೊಡುಕೊಳ್ಳುವ ಸಂಸ್ಥೆ) ಖಾತೆಯಲ್ಲಿ ಕಂಡ ಮೊತ್ತ ಆ ಸಂಸ್ಥೆಯ ಲೆಕ್ಕದ ಪುಸ್ತಕದ ಒಂದು ಸಾಲು. 2024ರ ಜುಲೈಯಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ನಷ್ಟು ಕಳುವಾದಾಗ ಪುಸ್ತಕದಲ್ಲಿ ಹಣವಿದ್ದ ಗ್ರಾಹಕರು ತಿಂಗಳುಗಟ್ಟಲೆ ಅದನ್ನು ತೆಗೆಯಲಾಗದೆ ಕುಳಿತರು.

ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ರೂಪಾಯಿಯ ಕಡೆ. ಪಿ2ಪಿಯಲ್ಲಿ (ವ್ಯಕ್ತಿಯಿಂದ ವ್ಯಕ್ತಿಗೆ ನೇರ ಮಾರಾಟ) ಯುಎಸ್‌ಡಿಟಿ ಮಾರುವವರು ಒಮ್ಮೆ ಬಿಟ್ಟುಕೊಟ್ಟ ಕ್ರಿಪ್ಟೊ ತಿರುಗಿ ಬರುವುದಿಲ್ಲ. ಬದಲಿಗೆ ಬಂದ ಯುಪಿಐ ಹಣ ಯಾರೋ ಮೋಸಹೋದವರದ್ದಾಗಿದ್ದು, ಅವರು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ದಿನಗಳ ನಂತರವೂ ನಿಮ್ಮ ಖಾತೆಯ ಮೇಲೆ ತಡೆ ಬೀಳುತ್ತದೆ. ಕೆಲವೊಮ್ಮೆ ತಡೆ ಹಾಕಿದ ಠಾಣೆ ಬೇರೆ ರಾಜ್ಯದ್ದು. ಹಣ ಕಳಿಸಿದ ಬ್ಯಾಂಕ್ ಖಾತೆಯ ಹೆಸರು ಎದುರಿನವರ ದೃಢೀಕೃತ ಹೆಸರಿಗೆ ಹೊಂದದಿದ್ದರೆ ಕ್ರಿಪ್ಟೊ ಬಿಡಬೇಡಿ. ‘ತಮ್ಮನ ಅಕೌಂಟಿಂದ ಹಾಕಿದ್ದೀನಿ’ ಎಂದರೆ ವ್ಯವಹಾರ ರದ್ದು ಮಾಡಿ. ಆರ್ಡರ್ ಸಂಖ್ಯೆ, ಟ್ರಾನ್ಸಾಕ್ಷನ್ ಐಡಿ, ಯುಪಿಐ ಉಲ್ಲೇಖ ಸಂಖ್ಯೆ, ಆ ಹೊತ್ತಿನ ರೂಪಾಯಿ ಬೆಲೆ, ಇವನ್ನು ಅಂದೇ ಬರೆದಿಡಿ. ತಡೆ ಬಿದ್ದಾಗ ಠಾಣೆಯಲ್ಲಿ ಕೇಳುವುದು, ಆಡಿಟರ್ ಕೇಳುವುದು ಇದನ್ನೇ.

ಮೈಸೂರು, ಮಂಡ್ಯದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳವರು ಕಾಲೇಜುಗಳಲ್ಲಿ ಜಾಗೃತಿ ಕಾರ್ಯಕ್ರಮ ಮಾಡುವಾಗ ಒಟಿಪಿ ಹೇಳಬೇಡಿ ಎನ್ನುವುದರ ಜತೆಗೆ ಎಕ್ಸ್‌ಪ್ಲೋರರ್‌ನಲ್ಲಿ ಒಂದು ಪಾವತಿಯನ್ನು ಹುಡುಕಿ, ಅದರ ಸ್ಟೇಟಸ್, ಕನ್ಫರ್ಮೇಷನ್ ಓದುವುದನ್ನು ತೆರೆಯ ಮೇಲೆ ತೋರಿಸಿಕೊಡಬೇಕೆಂದು ನಮ್ಮ ಕೋರಿಕೆ. ಹತ್ತು ನಿಮಿಷದ ಕೆಲಸ.

ಇಂತಿ,
ಬ್ಲಾಕ್‌ಚೈನ್ ತಂತ್ರಾಂಶ ಕೆಲಸದ ಗೆಳೆಯರು
ವಿಜಯನಗರ, ಮೈಸೂರು